ಒಂದು ತೊಟ್ಟೂ ಆಯಿಲ್ ಕುಡಿಯದ ಎಂಜಿನ್

ಮೇ ಕೊನೆಯ ವಾರ ಮಲ್ಪೆಯಿಂದ ಭಾವನ ಫೋನ್ ಬಂತು. "ಎಂಜಿನ್ ಮುಗೀತಂತೆ ಮಾರಾಯ. ಮೇಸ್ತ್ರಿ ಹೇಳಿಬಿಟ್ಟ. ಹೊಸದೇ ಹಾಕಬೇಕಂತೆ. ನೀನೊಮ್ಮೆ ಬಂದು ನೋಡ್ತೀಯಾ?"

ಭಾವ ಮತ್ತು ಇಬ್ಬರು ಪಾಲುದಾರರು ನಾಲ್ಕು ವರ್ಷದ ಹಿಂದೆ ಕೊಂಡ ಹಳೇ ತ್ರಿಸೆವೆಂಟಿ ಬೋಟ್ ಅದು. ಮಲ್ಪೆ ಕಡೆಯವರಿಗೆ ಈ ಹೆಸರು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, 370 ಎನ್ನುವುದು ಎಂಜಿನ್ನಿನ ಅಳತೆ, ಘನ ಇಂಚಿನಲ್ಲಿ. ಆರು ಸಿಲಿಂಡರ್, ಆರು ಲೀಟರ್ ಚಿಲ್ಲರೆ, ಲಾರಿಗೆ ಹಾಕುವ ಜಾತಿಯದ್ದೇ. ಎಂಜಿನ್ನಿನ ಹೆಸರು ಬೋಟಿಗೇ ಅಂಟಿಕೊಂಡಿದೆ.

ದೂರು ಮೂರು ಇದ್ದವು. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಬೀಳುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಳಿ ಹೊಗೆ ಬಿಡುತ್ತದೆ. ಬಲೆ ಎಳೆಯುವಾಗ ಮೊದಲಿನ ದಮ್ಮಿಲ್ಲ, ಕಪ್ಪು ಹೊಗೆ. ಈ ಮೂರನ್ನೂ ಕೂಡಿಸಿ ಮೇಸ್ತ್ರಿ ಒಂದೇ ತೀರ್ಪು ಕೊಟ್ಟಿದ್ದ. ಅವನದು ತಪ್ಪು ಅಂತ ನಾನು ಹೇಳಲ್ಲ, ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಕೊನೆಗೆ ಭಾವ ಒಂದು ಮಾತು ಸೇರಿಸಿದರು. "ಒಂದು ಮಾತ್ರ ಹೇಳ್ಲೇಬೇಕು, ಆಯಿಲ್ ಒಂದು ತೊಟ್ಟೂ ಕಮ್ಮಿ ಆಗಲ್ಲ. ಟ್ರಿಪ್ ಮುಗಿಸಿ ಬಂದ್ರೂ ಡಿಪ್‌ಸ್ಟಿಕ್ ಗೆರೆ ಇದ್ದಲ್ಲೇ ಇರುತ್ತೆ."

ನನಗೆ ಭಯ ಹುಟ್ಟಿದ್ದು ಆ ಮಾತಿಗೆ. ಹೊಗೆಗೂ ಅಲ್ಲ, ಪ್ರೆಷರಿಗೂ ಅಲ್ಲ. ಓವರ್‌ಹಾಲ್ (ಪೂರ್ತಿ ಬಿಚ್ಚಿ ರಿಪೇರಿ) ಆದ ಮೇಲೆ ಮೂರು ಸೀಸನ್ ಓಡಿದ ಡೀಸೆಲ್ ಎಂಜಿನ್ ಹಗಲೂ ರಾತ್ರಿ ದುಡಿದು ಆಯಿಲ್ ಸ್ವಲ್ಪವೂ ತಿನ್ನುವುದಿಲ್ಲ ಅಂದರೆ ಎಲ್ಲಿಂದಲೋ ಏನೋ ಬಂದು ತುಂಬುತ್ತಿದೆ ಅಂತಲೇ ಅರ್ಥ.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ನಿಷೇಧ. ಬೋಟನ್ನು ಮೇಲೆ ಎಳೆದು ಕೆಲಸ ಮಾಡಿಸಲು 61 ದಿನ ಸಿಗುತ್ತದೆ. ಆದರೆ ಸಮುದ್ರದಲ್ಲಿ ಓಡಿಸಿ ನೋಡಬೇಕಾದ್ದನ್ನು ಅದಕ್ಕೆ ಮೊದಲೇ ನೋಡಬೇಕು. ಹಾಗಾಗಿ ಮಾರನೇ ದಿನವೇ ಹೊರಟೆ. ಫೋನಿನಲ್ಲಿ ಒಂದೇ ಕಂಡೀಷನ್ ಹಾಕಿದ್ದೆ: ನಾನು ಬರುವ ತನಕ ಯಾರೂ ಎಂಜಿನ್ ಮುಟ್ಟಬಾರದು. ಹಳೇ ಎಂಜಿನ್ ನೋಡಲು ಹೋದಾಗ ಅದು ಆಗಲೇ ಬಿಸಿ ಇದ್ದರೆ ಅರ್ಧ ಸತ್ಯ ಮುಚ್ಚಿ ಹೋಗಿರುತ್ತದೆ. ಸೆಕೆಂಡ್ ಹ್ಯಾಂಡ್ ಬೋಟ್ ಮಾರುವವರು ಬೆಳಗ್ಗೆಯೇ ಬಂದು ಸ್ಟಾರ್ಟ್ ಮಾಡಿ ಇಟ್ಟಿರುತ್ತಾರೆ, ಸುಮ್ನೆ ಅಲ್ಲ.

ಐದೂವರೆಗೆ ಬೋಟ್ ನಿಲ್ಲುವ ದಕ್ಕೆ ಮುಟ್ಟಿದೆ. ಹೆಡ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ತಾಂಡೇಲ, ಅಂದರೆ ಬೋಟ್ ಓಡಿಸುವವನು, ಸೆಲ್ಫ್ ಹೊಡೆದ. ಹನ್ನೆರಡು ಸೆಕೆಂಡ್ ತಿರುಗಿದ ಮೇಲೆ ಹತ್ತಿಕೊಂಡಿತು. ಶಬ್ದದಲ್ಲಿ ಒಂದು ಕಡೆ ಏಟು ತಪ್ಪುತ್ತಿತ್ತು, ಐದು ಜನ ದುಡಿದು ಒಬ್ಬ ಸುಮ್ಮನೆ ಕೂತ ಹಾಗೆ. ಬಿಳಿ ಹೊಗೆ ಕಣ್ಣು ಉರಿಸುವಂಥದ್ದು, ಹಸಿ ಡೀಸೆಲ್ ವಾಸನೆಯದ್ದು. ಒಂದೂವರೆ ನಿಮಿಷಕ್ಕೆ ಕರಗಿತು, ಏಟೂ ಸರಿಯಾಯಿತು. ಅಂದರೆ ಒಂದು ಸಿಲಿಂಡರಿನಲ್ಲಿ ಒತ್ತಡ ಸಾಲದೆ ತಣ್ಣಗಿರುವಾಗ ಡೀಸೆಲ್ ಉರಿಯುತ್ತಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಆ ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲುವುದಿಲ್ಲ, ಕಣ್ಣೂ ಅಷ್ಟು ಉರಿಯುವುದಿಲ್ಲ.

ಎಂಜಿನ್ ಎಷ್ಟು ಗಂಟೆ ಓಡಿದೆ ಎಂದರೆ ಯಾರಿಗೂ ಗೊತ್ತಿಲ್ಲ. ಗಂಟೆ ಮೀಟರ್ ಕೆಟ್ಟು ಎಷ್ಟು ಕಾಲವಾಯಿತೋ. ಆದರೆ ಬೋಟ್ ಎಂಜಿನ್ನಿಗೆ ಅದಕ್ಕಿಂತ ಒಳ್ಳೇ ಲೆಕ್ಕ ಇದೆ, ಕುಡಿದ ಡೀಸೆಲ್. ತೆರಿಗೆ ವಿನಾಯಿತಿ ಡೀಸೆಲ್ ತೆಗೆದ ಪುಸ್ತಕ ಭಾವನ ಮನೆಯಲ್ಲಿ ಇತ್ತು, ಕೋಟಾ ಮುಗಿದ ಮೇಲೆ ಹೊರಗೆ ತುಂಬಿಸಿದ ಬಿಲ್ಲುಗಳನ್ನು ಅಕ್ಕ ಒಂದು ಬಿಸ್ಕಿಟ್ ಡಬ್ಬದಲ್ಲಿ ಹಾಕಿಟ್ಟಿದ್ದಳು (ಆ ಡಬ್ಬ ಇಲ್ಲದಿದ್ದರೆ ನನ್ನ ಅರ್ಧ ಕೆಲಸ ಆಗುತ್ತಿರಲಿಲ್ಲ). ಹಿಂದಿನ ಓವರ್‌ಹಾಲ್ ಆದ ಮೇಲೆ ಒಟ್ಟು 88,000 ಲೀಟರ್. ಟ್ರಿಪ್ಪಿನಲ್ಲಿ ಸರಾಸರಿ ಗಂಟೆಗೆ 12 ಲೀಟರ್ ಹೋಗುತ್ತದೆ. ಅಂದರೆ 7,300 ಗಂಟೆ ಚಿಲ್ಲರೆ, ಸೀಸನ್ನಿಗೆ ಸುಮಾರು 2,400. ಇದೇ ಎಂಜಿನ್ ಲಾರಿಯಲ್ಲಿದ್ದು ಗಂಟೆಗೆ 40 ಕಿಲೋಮೀಟರ್ ಓಡಿದ್ದರೆ ಹತ್ತಿರ ಹತ್ತಿರ ಮೂರು ಲಕ್ಷ ಕಿಲೋಮೀಟರ್. ವಯಸ್ಸಾಗಿದೆ, ಆದರೆ ಸಾಯುವ ವಯಸ್ಸಲ್ಲ.

ಏಳು ಗಂಟೆಗೆ ಅಳಿವೆ ದಾಟಿ ಹೊರಗೆ ಹೋದೆವು. ಪೂರ್ತಿ ಬಿಸಿಯಾದ ಮೇಲೆ ಥ್ರಾಟಲ್ ತುಂಬ ಕೊಡಿಸಿದೆ. ಎಂಜಿನ್ ಪ್ಲೇಟಿನ ಮೇಲೆ 1,800 ಆರ್‌ಪಿಎಂ ಬರೆದಿದೆ. 1,610ಕ್ಕೆ ನಿಂತುಬಿಟ್ಟಿತು, ಹಿಂದೆ ಕಪ್ಪು ಹೊಗೆಯ ಬಾಲ. ತಾಂಡೇಲ ನನ್ನ ಮುಖ ನೋಡಿ "ನೋಡಿ ಅಣ್ಣ, ದಮ್ಮೇ ಇಲ್ಲ" ಅಂದ.

"ಫ್ಯಾನ್ ಯಾವಾಗ ಬದಲಾಯಿಸಿದ್ರಿ?" ಅಂತ ಕೇಳಿದೆ. ಪ್ರೊಪೆಲ್ಲರಿಗೆ ನಮ್ಮವರು ಫ್ಯಾನ್ ಎಂದೇ ಹೇಳುವುದು. ಎರಡು ವರ್ಷದ ಹಿಂದೆ ಬಲೆ ಜೋರಾಗಿ ಎಳೆಯಲಿ ಅಂತ ಪಿಚ್ (ರೆಕ್ಕೆಯ ಓರೆ) ಜಾಸ್ತಿ ಇರುವುದನ್ನು ಹಾಕಿಸಿದ್ದರಂತೆ. ಅಲ್ಲಿಗೆ ಒಂದು ದೂರು ಎಂಜಿನ್ನಿನ ಲೆಕ್ಕದಿಂದ ಹೊರಗೆ ಹೋಯಿತು. ಎತ್ತಿಗೆ ಹೊರಲಾಗದ ಗಾಡಿ ಕಟ್ಟಿ ಎತ್ತು ಮುದಿಯಾಯಿತು ಅಂದ ಹಾಗೆ ಅದು. ಅದರ ಜೊತೆಗೆ ಬೋಟಿನ ತಳಕ್ಕೆ ಚಿಪ್ಪು ಹತ್ತಿತ್ತು, ಸೀಸನ್ ಕೊನೆಯಲ್ಲಿ ಎಲ್ಲ ಬೋಟಿಗೂ ಹತ್ತಿರುತ್ತದೆ. ಇಂಥ ಎಂಜಿನ್ ವರ್ಷಗಟ್ಟಲೆ ಏದುಸಿರು ಬಿಡುತ್ತಲೇ ಓಡುತ್ತದೆ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಎಕ್ಸಾಸ್ಟ್ ವಾಲ್ವುಗಳು ಕಾದು ಕಾದು ಸವೆಯುತ್ತವೆ. ಈ ವಾಲ್ವಿನ ವಿಷಯ ಮುಂದೆ ಬರುತ್ತದೆ.

ಹೊರಗಿರುವಾಗಲೇ ಬ್ರೀದರ್, ಅಂದರೆ ಎಂಜಿನ್ ಉಸಿರು ಬಿಡುವ ಕೊಳವೆ, ನೋಡಿದೆ. ಪಿಸ್ಟನ್ ರಿಂಗು, ಪಿಸ್ಟನ್ ಆಡುವ ಕೊಳವೆಯಾದ ಲೈನರು ಸವೆದಷ್ಟೂ ಉರಿದ ಗಾಳಿ ಪಕ್ಕದಿಂದ ಕೆಳಗೆ ನುಗ್ಗಿ ಬ್ರೀದರಿನಲ್ಲಿ ಹೊರಗೆ ಬರುತ್ತದೆ. ಅದಕ್ಕೆ ದುಬಾರಿ ಉಪಕರಣ ಏನೂ ಬೇಡ. ಒಂದು ಮೀಟರ್ ಪಾರದರ್ಶಕ ಪೈಪು ತಗೊಂಡು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಸೇರಿಸಿದರೆ ಸಾಕು, ಒಳಗಿನ ಒತ್ತಡಕ್ಕೆ ನೀರು ಒಂದು ಕಡೆ ಏರುತ್ತದೆ. ನೀರು ಏರಿತು, ಆದರೆ ಹದವಾಗಿ, ಅಲುಗಾಡದೆ ನಿಂತಿತು. ಒಂದೇ ಸಿಲಿಂಡರಿನ ರಿಂಗು ಮುರಿದಿದ್ದರೆ ಬ್ರೀದರ್ ಬುಸ್ ಬುಸ್ ಅಂತ ಮಿಡಿಯಬೇಕಿತ್ತು. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಆಮೇಲೆ ನಾನೇ ಮರೆತೆ.

ದಕ್ಕೆಗೆ ವಾಪಸ್ ಬಂದು ಪ್ಯಾನಲ್ ಗೇಜನ್ನು ಪಕ್ಕಕ್ಕಿಟ್ಟು ನನ್ನ ಮೆಕ್ಯಾನಿಕಲ್ ಗೇಜ್ ಸಿಕ್ಕಿಸಿದೆ. ಬಿಸಿಯಲ್ಲಿ, ಐಡಲಿನಲ್ಲಿ (ಲೋಡ್ ಇಲ್ಲದೆ ನಿಧಾನಕ್ಕೆ ಓಡುವಾಗ) ಪ್ಯಾನಲ್ ಚದರ ಸೆಂಟಿಮೀಟರಿಗೆ 0.5 ಕೆಜಿ ತೋರಿಸುತ್ತಿತ್ತು. ನನ್ನದು 0.9. ಗೇಜ್ ಅರ್ಧ ಸುಳ್ಳು ಹೇಳುತ್ತಿದ್ದರೂ 0.9 ಕೂಡ ನೆಮ್ಮದಿಯ ಅಂಕಿಯಲ್ಲ. ಡಿಪ್‌ಸ್ಟಿಕ್ ಎಳೆದು ಮೂಗಿನ ಹತ್ತಿರ ಹಿಡಿದೆ. ಬೆರಳಲ್ಲಿ ಉಜ್ಜಿದರೆ ಆಯಿಲ್ ನೀರು ನೀರು. ಒಂದು ಹನಿಯನ್ನು ಬ್ಲಾಟಿಂಗ್ ಪೇಪರ್ ಮೇಲೆ ಬಿಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ನಡುವೆ ಕಪ್ಪು ಬೊಟ್ಟು, ಅದರ ಸುತ್ತ ದೂರದ ತನಕ ತೆಳ್ಳಗೆ ಹರಡಿದ ಹಳದಿ ಉಂಗುರ. ಡೀಸೆಲ್.

"ಭಾವ, ನಿಮ್ಮ ಎಂಜಿನ್ ಆಯಿಲ್ ಕುಡೀತಾ ಇದೆ. ಕುಡಿದಷ್ಟನ್ನ ಡೀಸೆಲ್ ತುಂಬಿಸ್ತಾ ಇದೆ. ಅದಕ್ಕೇ ಗೆರೆ ಇದ್ದಲ್ಲೇ ಇರೋದು."

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡ ವಿಷಯ ಅಲ್ವಾ.

ಡೀಸೆಲ್ ಬರುತ್ತಿದ್ದುದು ಫ್ಯೂಯಲ್ ಪಂಪಿನ ಒಳಗಿನಿಂದ. ಈ ಪಂಪಿಗೂ ಎಂಜಿನ್ ಆಯಿಲೇ ಓಡುವುದರಿಂದ ಒಳಗಿನ ಎಲಿಮೆಂಟುಗಳು (ಡೀಸೆಲ್ ಒತ್ತಿ ಕಳಿಸುವ ಭಾಗ) ಸವೆದರೆ ಡೀಸೆಲ್ ಸೋರಿ ಸೀದಾ ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಖಾತ್ರಿ ಮಾಡಿಕೊಳ್ಳಲು ಬಿಸಿ ಇರುವಾಗಲೇ ಆಯಿಲ್ ಇಳಿಸಿದೆವು. ಧಾರೆಯ ನಡುವೆ ಒಂದು ಸ್ವಚ್ಛ ಬಾಟಲಿಗೆ ಸ್ಯಾಂಪಲ್ ಹಿಡಿದೆ, ಮೊದಲ ಕೊಳಕೂ ಬೇಡ, ಕೊನೆಯ ಗಸಿಯೂ ಬೇಡ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಒಂದು ಗಂಟೆ ಓಡಿಸಿದೆವು. ಅದೇ ಬಿಸಿ, ಅದೇ ಐಡಲ್, ಈಗ 1.3 ಕೆಜಿ. ಬೇರಿಂಗ್ ಹೋಗಿದ್ದರೆ ಹೊಸ ಆಯಿಲಿಗೆ ಇಷ್ಟು ಏರುತ್ತಿರಲಿಲ್ಲ.

ಹಳೇ ಫಿಲ್ಟರನ್ನು ಗರಗಸದಲ್ಲಿ ಕೊಯ್ದು, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದೆ. ಹೊಳೆಯುವ ಚೂರು ದೊಡ್ಡವು ಇರಲಿಲ್ಲ. ಅಯಸ್ಕಾಂತಕ್ಕೆ ಕಪ್ಪು ಪುಡಿ ಸ್ವಲ್ಪ ಅಂಟಿತು. ಅದು ಎಲ್ಲ ಎಂಜಿನ್ನಿನಲ್ಲೂ ಇರುವಂಥದ್ದು.

ಐದು ದಿನಕ್ಕೆ ಲ್ಯಾಬ್ ರಿಪೋರ್ಟ್ ಬಂತು. ಆಗ ಬೋಟ್ ಬಾಪುತೋಟದ ಕಡೆ ದಡದ ಮೇಲೆ ಬಂದಿತ್ತು, ಮಳೆ ಶುರುವಾಗಿತ್ತು. ಡೀಸೆಲ್ 6 ಶೇಕಡ. ಕಬ್ಬಿಣ 96 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ತಾಮ್ರ 74, ಸೀಸ 9, ತವರ 2, ಸೋಡಿಯಂ 180. ಮೇಸ್ತ್ರಿ ತಾಮ್ರದ ಅಂಕಿಗೆ ಬೆರಳಿಟ್ಟು "ನಾನು ಹೇಳಿರಲಿಲ್ವಾ, ಬೇರಿಂಗು" ಅಂದ. ಅವನ ಮಾತಿನಲ್ಲಿ ಅರ್ಥ ಇತ್ತು, ಬೇರಿಂಗಿನಲ್ಲಿ ತಾಮ್ರ ಇರುತ್ತದೆ. ಆದರೆ ಬೇರಿಂಗಿನ ಮೇಲ್ಪದರ ಸೀಸ, ತವರದ್ದು. ತಾಮ್ರ ಕಾಣಿಸುವ ಮೊದಲು ಅವು ಸವೆಯಬೇಕು. ಸೀಸ 9, ತವರ 2 ಇಟ್ಟುಕೊಂಡು ತಾಮ್ರ ಮಾತ್ರ 74 ಬರುವುದು ಹೇಗೆ? ಮತ್ತೆ ಆ ಸೋಡಿಯಂ. ಕೂಲಂಟಿನಿಂದಲೂ ಸೋಡಿಯಂ ಬರಬಹುದು, ಆದರೆ ಈ ಎಂಜಿನ್ನಿಗೆ ಕೂಲಂಟ್ ಹಾಕಿದವರೇ ಇಲ್ಲ, ಬಾವಿ ನೀರು. ತಾಮ್ರ, ಸೋಡಿಯಂ ಎರಡೂ ಒಟ್ಟಿಗೆ ಬಂದರೆ ಆಯಿಲ್ ಕೂಲರ್ ನೋಡಬೇಕು. ಅದರ ಸಣ್ಣ ಕೊಳವೆಗಳು ತಾಮ್ರದ ಮಿಶ್ರಲೋಹ, ಒಳಗೆ ಸಮುದ್ರದ ನೀರು, ಹೊರಗೆ ಆಯಿಲ್.

ಕೂಲರ್ ಬಿಚ್ಚಿ, ಬಾಯಿ ಕಟ್ಟಿ, ಗಾಳಿ ತುಂಬಿ ದೊಡ್ಡ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದೆವು. ಎರಡು ಕೊಳವೆಯಿಂದ ಗುಳ್ಳೆ ಬಂತು, ಸಾಲಾಗಿ, ಸೂಜಿಯ ಮೊನೆಯಷ್ಟು ಸಣ್ಣವು. ಅದನ್ನು ನೋಡಿದ್ದೇ ತಾಂಡೇಲ "ಹೋ" ಅಂದ. ಟ್ರಿಪ್ಪಿನಲ್ಲಿ ನೀರು ಹೊರಗೆ ಬೀಳುವ ಪೈಪಿನ ಕೆಳಗೆ ಕಾಮನಬಿಲ್ಲಿನ ಬಣ್ಣ ಕಾಣುತ್ತಿತ್ತಂತೆ. ಬಿಲ್ಜಿನ ಕೊಳೆ ಇರಬೇಕು ಅಂದುಕೊಂಡಿದ್ದನಂತೆ. ಎಂಜಿನ್ ಓಡುವಾಗ ಆಯಿಲ್ ಪ್ರೆಷರ್ ಜಾಸ್ತಿ, ಆಯಿಲ್ ಸಮುದ್ರಕ್ಕೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಉಪ್ಪು ನೀರು ಆಯಿಲಿಗೆ ಬರುತ್ತದೆ. ಹಗಲು ಕೊಟ್ಟು ರಾತ್ರಿ ತಗೊಳ್ಳುವ ವ್ಯಾಪಾರ.

ಜಿಂಕ್ ಪೆನ್ಸಿಲ್ ತೆಗೆದು ನೋಡಿದೆ. ಪ್ಲಗ್ ಮಾತ್ರ ಇತ್ತು, ಜಿಂಕ್ ಕರಗಿ ಹೋಗಿತ್ತು. ಕೂಲರ್ ಬದಲು ತಾನು ಕರಗಬೇಕಾದ ಬಡಪಾಯಿ ಅದು, ಅದನ್ನು ಬದಲಾಯಿಸದೆ ಎರಡು ಸೀಸನ್ ಆಗಿತ್ತು. ನನ್ನ ಅನುಭವದಲ್ಲಿ ಬೋಟ್ ಎಂಜಿನ್ನುಗಳು ಓಡಿ ಓಡಿ ಸಾಯುವುದಕ್ಕಿಂತ ಉಪ್ಪು ನೀರಿನಿಂದ ಸಾಯುವುದೇ ಜಾಸ್ತಿ.

ಇನ್ನು ಉಳಿದಿದ್ದು ಬೆಳಗಿನ ತಪ್ಪಿದ ಏಟು. ಆರೂ ಸಿಲಿಂಡರಿನ ಕಂಪ್ರೆಷನ್ ನೋಡಿದೆ: 385, 390, 380, 395, 290, 385 ಪಿಎಸ್ಐ. ಐದನೆಯದು ಕಾಲು ಭಾಗ ಕಮ್ಮಿ. "ರಿಂಗು ಹೋಗಿದೆ" ಅಂತ ಭಾವನಿಗೆ ಅಲ್ಲೇ ಹೇಳಿಬಿಟ್ಟೆ. ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ನಾಜಲ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು, ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸಿ (ಆಯಿಲ್ ಜಾಸ್ತಿ ಬಿದ್ದು ಸೀದಾ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ನೆನಪಿರಲಿ), ಮತ್ತೆ ನೋಡಿದೆ. 300. ರಿಂಗಿನ ತೊಂದರೆ ಆಗಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಜಿಗಿಯಬೇಕಿತ್ತು. ಪಿಸ್ಟನ್ ಮೇಲೆ ತಂದು, ಎರಡೂ ವಾಲ್ವ್ ಮುಚ್ಚಿದ ಜಾಗದಲ್ಲಿ ನಿಲ್ಲಿಸಿ, ಕಂಪ್ರೆಸರ್ ಗಾಳಿ ಕೊಟ್ಟು ಎಕ್ಸಾಸ್ಟ್ ಬಾಯಿಗೆ ಕಿವಿ ಇಟ್ಟೆ. ಸುಯ್ ಅಂತ ಸ್ಪಷ್ಟ ಶಬ್ದ. ಹೆಡ್ ಬಿಚ್ಚಿದಾಗ ಐದನೇ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಚ್ಚಿದ ದೋಸೆಯ ಹಾಗೆ ಸುಟ್ಟು ಹೋಗಿತ್ತು. ಬ್ರೀದರ್ ಸಮುದ್ರದಲ್ಲೇ ಇದನ್ನು ಹೇಳಿತ್ತು, ಕೇಳಿಸಿಕೊಳ್ಳದವನು ನಾನು.

ಹೀಗೆ ಮೂರು ದೂರಿಗೆ ಮೂರು ಬೇರೆ ಕಾರಣ. ಒಂದೂ ಮುದಿತನ ಅಲ್ಲ. ಹಾಗಾದರೆ ನಿಜವಾದ ಸವೆತ ಎಷ್ಟು, ಇನ್ನೆಷ್ಟು ಆಯುಷ್ಯ?

ಲೈನರಿನ ಮೇಲ್ಭಾಗದಲ್ಲಿ, ಮೊದಲ ರಿಂಗು ಮೇಲೆ ಹೋಗಿ ವಾಪಸ್ ತಿರುಗುವ ಜಾಗದಲ್ಲಿ, ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತಿತ್ತು. ಬೋರ್ ಗೇಜ್ ಹಾಕಿ ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಅಳೆದೆ. ಅತಿ ಜಾಸ್ತಿ ಸವೆತ ಎರಡನೆಯದು ಮತ್ತು ಆರನೆಯದರಲ್ಲಿ, 0.16 ಮಿಲಿಮೀಟರ್. ಐದನೆಯದು 0.13. ಇಷ್ಟು ಬೋರಿನ ಎಂಜಿನ್ನಿಗೆ ನಾನು ಇಟ್ಟುಕೊಳ್ಳುವ ಮಿತಿ 0.25. 7,300 ಗಂಟೆಗೆ 0.16 ಅಂದರೆ ಉಳಿದ 0.09ಕ್ಕೆ ತ್ರೈರಾಶಿ ಹಾಕಿದರೆ 4,100 ಗಂಟೆ, ಒಂದೂವರೆ ಸೀಸನ್ ಮೇಲೆ. ಆದರೆ ಸವೆತ ತ್ರೈರಾಶಿ ಕಲಿತಿಲ್ಲ. ರಿಂಗು ಸಡಿಲವಾದಷ್ಟೂ ಬಿಸಿ ಗಾಳಿ ನುಗ್ಗುತ್ತದೆ, ಆಯಿಲ್ ಪದರ ಸುಡುತ್ತದೆ, ಸವೆತದ ವೇಗ ಏರುತ್ತದೆ. ನಾನು ಒಂದು ಸೀಸನ್ ಮಾತ್ರ ನಂಬುತ್ತಿದ್ದೆ, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಸಂಪ್ ಬಿಚ್ಚಲು ಕೆಳಗೆ ಜಾಗ ಇರಲಿಲ್ಲ. ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತಿದೆವು. ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಮೇಲ್ಮೈ ಬೂದು ಬಣ್ಣ, ಒಂದೇ ಸಮ. ಎರಡರಲ್ಲಿ ಮಾತ್ರ ನಡುವೆ ತಾಮ್ರದ ಕೆಂಪು ಇಣುಕಲು ಶುರುವಾಗಿತ್ತು. ಉಪ್ಪು, ಡೀಸೆಲ್ ಬೆರೆತ ಆಯಿಲಿನಲ್ಲಿ ಓಡಿದ್ದಕ್ಕೆ ಇದು ಪರವಾಗಿಲ್ಲ. ಸುಮ್ನೆ ಬೆನ್ನು ತಿರುಗಿಸಿ ನೋಡಿದೆ. ಅಲ್ಲಿ ಒತ್ತಿದ ಅಂಕಿ ಇತ್ತು: 030.

ಅಷ್ಟೂ ದಿನದಲ್ಲಿ ಕಂಡ ಅಂಕಿಗಳಲ್ಲಿ ನನ್ನನ್ನು ಕೂರಿಸಿದ್ದು ಅದೊಂದೇ. ಕ್ರ್ಯಾಂಕನ್ನು ಹಿಂದೆ ಮೂವತ್ತು ತೌ (ಇಂಚಿನ ಸಾವಿರದ ಮೂವತ್ತು ಭಾಗ), ಅಂದರೆ ಮುಕ್ಕಾಲು ಮಿಲಿಮೀಟರ್ ಉಜ್ಜಿಯಾಗಿದೆ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಇದು. ಇದಕ್ಕೆ ಇನ್ನು 040 ಒಂದೇ ಸೈಜು ಬಾಕಿ. ಮೂರು ವರ್ಷದ ಹಿಂದಿನ ಓವರ್‌ಹಾಲ್ ಬಿಲ್ಲಿನಲ್ಲಿ "ಕ್ರ್ಯಾಂಕ್ ಗ್ರೈಂಡಿಂಗ್" ಅಂತ ಬರೆದಿತ್ತು, ಎಷ್ಟು ಅಂತ ಬರೆದಿರಲಿಲ್ಲ, ಇವರೂ ಕೇಳಿರಲಿಲ್ಲ. ಲೈನರ್ ಬದಲಾಗುತ್ತದೆ, ವಾಲ್ವ್ ಬದಲಾಗುತ್ತದೆ, ಕೂಲರ್ ಬದಲಾಗುತ್ತದೆ. ಎಂಜಿನ್ನಿಗೆ ಆಯುಷ್ಯ ಅಂತ ಒಂದಿದ್ದರೆ ಅದು ಕ್ರ್ಯಾಂಕು, ಬ್ಲಾಕು ಇವೆರಡರದ್ದು. ಮೈಕ್ರೋಮೀಟರ್ ಹಾಕಿದರೆ ಜರ್ನಲ್ಲುಗಳು (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜಾಗ) ಅಂಡಾಕಾರ ಆಗಿದ್ದು 0.03 ಮಿಲಿಮೀಟರ್ ಒಳಗೇ. ಗೀರು ಇಲ್ಲ. ಈ ಸಲ ಉಜ್ಜುವುದು ಬೇಡ, ಪಾಲಿಶ್ ಮಾಡಿ ಹೊಸ 030 ಬೇರಿಂಗೇ ಹಾಕಬಹುದು. ಅದೇ ಆಯಿಲಿನಲ್ಲಿ ಇನ್ನೊಂದು ಸೀಸನ್ ಓಡಿಸಿದ್ದರೆ ಕೊನೆಯ ಸೈಜೂ ಮುಗಿದು ಹೋಗುತ್ತಿತ್ತು.

ಪಾಲುದಾರರಲ್ಲಿ ಒಬ್ಬರಿಗೆ ಹೊಸ ಎಂಜಿನ್ ಹಾಕಿಸುವ ಆಸೆ, ಅದೂ ದೊಡ್ಡದು. ಬಂದರಿನಲ್ಲಿ ಈಗ ಕುದುರೆಶಕ್ತಿಯದ್ದೇ ಪೈಪೋಟಿ. ಅವರಿಗೆ ನಾನು ಹೇಳಿದ್ದು ಇಷ್ಟೆ: ದೊಡ್ಡ ಎಂಜಿನ್ ಅಂದರೆ ಗೇರ್ ಬಾಕ್ಸು, ಶಾಫ್ಟು, ಫ್ಯಾನು, ಕೆಳಗಿನ ಬೆಡ್ಡು ಎಲ್ಲ ಬದಲು. ಈ ಎಂಜಿನ್ನಿಗೆ ಆರು ಲೈನರ್, ಪಿಸ್ಟನ್ ಕಿಟ್ ಒಂದು ಟ್ರಿಪ್ಪಿನ ಡೀಸೆಲ್ ಖರ್ಚಿಗಿಂತ ಕಮ್ಮಿ. ಲೈನರ್ ಇನ್ನೂ ಒಂದು ಸೀಸನ್ ಬರುತ್ತಿತ್ತು, ನಿಜ. ಆದರೆ ಎಂಜಿನ್ ಎತ್ತಿ, ಹೆಡ್ಡೂ ಸಂಪೂ ಬಿಚ್ಚಿದ ಮೇಲೆ ಅದನ್ನೇ ವಾಪಸ್ ಹಾಕುವುದು ಜಿಪುಣತನ. ಕೊನೆಗೆ ಕಿಟ್, ವಾಲ್ವ್ ಸೀಟು, 030 ಬೇರಿಂಗ್, ಹೊಸ ಕೂಲರ್, ಪಂಪಿಗೆ ಹೊಸ ಎಲಿಮೆಂಟು ಹಾಕಿ ಕ್ಯಾಲಿಬ್ರೇಷನ್, ಫ್ಯಾನು ಹಳೇ ಪಿಚ್ಚಿಗೆ ವಾಪಸ್. ಜಿಂಕ್ ಪೆನ್ಸಿಲ್ ಒಂದು ಡಜನ್ ತರಿಸಿ ಭಾವನ ಕೈಗೆ ಕೊಟ್ಟೆ. ನಾಲ್ಕು ಸೀಸನ್ ಅಂತ ಬರೆದುಕೊಟ್ಟೆ, ಪ್ರತಿ ಸೀಸನ್ನಿಗೆ ಎರಡು ಸಲ ಆಯಿಲ್ ಟೆಸ್ಟ್ ಮಾಡಿಸಿದರೆ ಮಾತ್ರ. ಒಂದು ರಿಪೋರ್ಟ್ ಅಂದರೆ ಒಂದು ಫೋಟೋ, ನಾಲ್ಕಾರು ಕೂಡಿದರೆ ಎಂಜಿನ್ ಎತ್ತ ಹೋಗುತ್ತಿದೆ ಅಂತ ಕಾಣುತ್ತದೆ.

ಜುಲೈ ಕೊನೆಯಲ್ಲಿ ಬೋಟ್ ನೀರಿಗೆ ಇಳಿದ ಮೇಲೆ ಶಾಫ್ಟ್ ಅಲೈನ್‌ಮೆಂಟ್ ಮತ್ತೆ ಮಾಡಿಸಿದೆ. ಮೇಲೆ ಇರುವಾಗ ಮಾಡಿದ್ದೇ ಸಾಕು ಅಂತ ಮೇಸ್ತ್ರಿ ಮುನಿಸಿಕೊಂಡ. ಫೀಲರ್ ಗೇಜ್ ಹಾಕಿದರೆ ಕಪ್ಲಿಂಗಿನ ಮೇಲೆ, ಕೆಳಗೆ 0.3 ವ್ಯತ್ಯಾಸ. ನೆಲದ ಮೇಲೆ ಕೂತಾಗಿನ ಬೋಟಿನ ಬೆನ್ನೇ ಬೇರೆ, ತೇಲುವಾಗಿನದೇ ಬೇರೆ.

ಆಗಸ್ಟಿನಲ್ಲಿ ಮೊದಲ ಟ್ರಿಪ್ ಮುಗಿಸಿ ಬಂದ ರಾತ್ರಿ ಭಾವ ಫೋನ್ ಮಾಡಿದರು. 1,790 ಆರ್‌ಪಿಎಂ ಬಂತಂತೆ, ಬಿಸಿ ಐಡಲಿನಲ್ಲಿ 1.6 ಕೆಜಿ, ಬೆಳಗ್ಗೆ ಸೆಲ್ಫ್ ಮುಟ್ಟಿದರೆ ಸಾಕಂತೆ. ಎಲ್ಲ ಹೇಳಿ ದನಿ ತಗ್ಗಿಸಿದರು.

"ಒಂದೇ ತೊಂದರೆ ಮಾರಾಯ. ಮೊದಲು ಒಂದು ತೊಟ್ಟೂ ಇಳೀತಿರಲಿಲ್ಲ. ಈಗ ದಿನಕ್ಕೆ ಅರ್ಧ ಲೀಟರ್ ಆಯಿಲ್ ಹಾಕ್ಬೇಕು."

"ಹಾಕಿ ಭಾವ," ಅಂದೆ. "ನೆಮ್ಮದಿಯಾಗಿ ಹಾಕಿ."